ರಾಬರ್ಟ್ ಸ್ಯೂಎಲ್: ಅಡ್ಡಹೆಸರಿನ ಉಚ್ಚಾರ, ಅರ್ಥ, ಮೂಲ

ಸಂಪಾದಕರಿಗೆ,

ಮಾನ್ಯರೇ,

ಹಂಪಿಯ ಮೇಲೆ ಬರಹ ಬಂದಾಗಲೆಲ್ಲ, 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ರಾಬರ್ಟ್ ಸ್ಯೂಎಲ್ ಅವರ ಹೆಸರು ಬಂದೇ ಬರುತ್ತದೆ. ಕನ್ನಡದಲ್ಲಿ ಅದು ಸೆವೆಲ್, ಸಿವೆಲ್, ಸೀವೆಲ್, ಸುವೆಲ್ ಎಂದು ಬೇಕಾದಂತೆ ಅಚ್ಚಾಗುತ್ತಿದೆ. ಅರ್ಥ ಕೇಳಿದರೆ ‘ಸೀ’ ಅಂದರೆ ಸಮುದ್ರ, ‘ವೆಲ್’ ಅಂದರೆ ಬಾವಿ, ಹಾಗಾಗಿ ‘ಸಮುದ್ರದ ಬಾವಿ’ ಎಂದು ಹೇಳಿಬಿಡುವವರಿದ್ದಾರೆ. ಈ ಉಚ್ಚಾರಗಳೂ ತಪ್ಪು, ಆ ಅರ್ಥವೂ ತಪ್ಪು.

ಇಂಗ್ಲಿಷಿನಲ್ಲಿ ಅದರ ಅಕ್ಷರ ಎಸ್, ಇ, ಡಬ್ಲ್ಯು, ಇ, ಎರಡು ಎಲ್. ಇಲ್ಲಿ ಡಬ್ಲ್ಯು ಅಕ್ಷರಕ್ಕೆ ವಕಾರದ ಕೆಲಸವಿಲ್ಲ. ನ್ಯೂ, ಫ್ಯೂ ಪದಗಳಲ್ಲಿ ಆಗುವಂತೆ ಅದು ಹಿಂದಿನ ಇ ಜೊತೆ ಬೆರೆತು ‘ಯೂ’ ಆಗುತ್ತದೆ. ಒತ್ತು ಮೊದಲ ಭಾಗಕ್ಕೆ. ಕೊನೆಯ ‘ಎಲ್’ ಅರ್ಧಂಬರ್ಧ ಕೇಳಿಸುತ್ತದೆ. ಅಮೆರಿಕದವರು ‘ಸೂಎಲ್’ ಅನ್ನುತ್ತಾರೆ. ಮದ್ರಾಸ್ ಸಿವಿಲ್ ಸರ್ವಿಸಿನ ಈ ಅಧಿಕಾರಿಯ ಹೆಸರಿಗೆ ಬ್ರಿಟಿಷ್ ಉಚ್ಚಾರವನ್ನು ಹಿಡಿದು ‘ಸ್ಯೂಎಲ್’ ಎಂದು ಬರೆಯುವುದು ಸರಿ.

ಇನ್ನು ಅರ್ಥ. ಈ ಅಡ್ಡಹೆಸರಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬೇರುಗಳಿವೆ. ಒಂದು, ಗಂಡಸರಿಗೆ ಇಡುತ್ತಿದ್ದ ಹಳೆಯ ಇಂಗ್ಲಿಷ್ ಹೆಸರು. ಸಮುದ್ರ ಮತ್ತು ಆಳ್ವಿಕೆ ಎಂಬ ಎರಡು ಪದ ಸೇರಿದ ‘ಸೇವಾಲ್ಡ್’, ಗೆಲುವು ಮತ್ತು ಆಳ್ವಿಕೆ ಸೇರಿದ ‘ಸಿಗೆವಾಲ್ಡ್’. ಇವೆರಡೂ ಬಾಯಿಂದ ಬಾಯಿಗೆ ಸವೆದು ‘ಸೆವಾಲ್’ ಆದವು. 1256ರಿಂದ 1258ರವರೆಗೆ ಯಾರ್ಕಿನ ಆರ್ಚ್‌ಬಿಷಪ್ ಆಗಿದ್ದವರ ಹೆಸರೇ ಸೆವಾಲ್ ದ ಬೋವಿಲ್. ಆಗಿನ್ನೂ ಅದು ಇಟ್ಟ ಹೆಸರು, ಮನೆತನದ ಹೆಸರಲ್ಲ. ಅಪ್ಪನ ಹೆಸರು ಮಕ್ಕಳಿಗೆ ಅಡ್ಡಹೆಸರಾಗಿ ನಿಂತದ್ದು ಆಮೇಲೆ. ಸಮುದ್ರ ಬರುವುದು ಈ ಬೇರಿನಲ್ಲಿ ಮಾತ್ರ, ಮತ್ತು ಇಲ್ಲಿ ಬಾವಿಯೇ ಇಲ್ಲ.

ಇನ್ನೊಂದು ಬೇರು ಊರ ಹೆಸರು. ಬೆಡ್‌ಫರ್ಡ್‌ಶೈರ್‌ನಲ್ಲಿ ಡನ್‌ಸ್ಟಬಲ್ ಪಟ್ಟಣದ ಹತ್ತಿರ ಸ್ಯೂಎಲ್ ಎಂಬ ಪುಟ್ಟ ಹಳ್ಳಿಯಿದೆ. ಇಂಗ್ಲೆಂಡಿನ ಊರು, ಜಮೀನುಗಳನ್ನು ದಾಖಲಿಸಿದ 1086ರ ಡೂಮ್ಸ್‌ಡೇ ದಫ್ತರದಲ್ಲೇ ಅದರ ಹೆಸರಿದೆ. ನಾರ್ಥಾಂಪ್ಟನ್‌ಶೈರ್‌ನ ಸೈವೆಲ್, ಆಕ್ಸ್‌ಫರ್ಡ್‌ಶೈರ್‌ನ ಶೋವೆಲ್ ಕೂಡ ಇದೇ ಹೆಸರಿನ ಬೇರೆ ರೂಪಗಳು. ಎಲ್ಲಕ್ಕೂ ಮೂಲ ‘ಸೆಯೊಫನ್ ವೆಲ್ಲ’, ಅಂದರೆ ಏಳು ಊಟೆ. ಹಳೆಯ ಇಂಗ್ಲಿಷಿನ ‘ವೆಲ್ಲ’ ತೋಡಿದ ಬಾವಿಗಿಂತ ಹೆಚ್ಚಾಗಿ ನೆಲದಿಂದ ತಾನೇ ಉಕ್ಕುವ ನೀರಿಗೆ ಸಲ್ಲುತ್ತಿತ್ತು. ಕುರುಗೋಡು ಕಡೆಯ ಏಳುಬೆಂಚಿಯನ್ನು ಬಲ್ಲವರಿಗೆ ಇಂಥ ಹೆಸರು ಹೊಸದೆನಿಸಲಾರದು. ಬೆಂಚೆ ಅಂದರೆ ಕೊಳ ತಾನೇ.

ರಾಬರ್ಟ್ ಸ್ಯೂಎಲ್ ಅವರ ಮನೆತನ ಈ ಎರಡರಲ್ಲಿ ಯಾವ ಬೇರಿನದು ಎಂಬುದು ಅಕ್ಷರ ನೋಡಿದರೆ ತಿಳಿಯುವುದಿಲ್ಲ. ಪೀಳಿಗೆ ಹಿಡಿದು ಹಿಂದಕ್ಕೆ ಹೋಗಬೇಕು. ಮಧ್ಯಯುಗದ ಲ್ಯಾಟಿನ್ ದಾಖಲೆಗಳಲ್ಲಿ ಅಡ್ಡಹೆಸರಿಗೆ ಮೊದಲು ‘ದೆ’ (ಇಂಥ ಊರಿನ) ಇದ್ದರೆ ಊರು, ‘ಫಿಲಿಯಸ್’ (ಮಗ) ಇದ್ದರೆ ಅಪ್ಪನ ಹೆಸರು. ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ಈ ಗುರುತುಗಳು ಉದುರಿಹೋದವು. ಅಲ್ಲಿಂದಾಚೆ ಏಳು ಊಟೆಯವನೂ ಸೇವಾಲ್ಡನ ಮಗನೂ ಕಾಗದದ ಮೇಲೆ ಒಂದೇ. ಹಾಗಾಗಿ ಇಬ್ಬರು ಸ್ಯೂಎಲ್‌ಗಳು ಕಂಡರೆ ದಾಯಾದಿಗಳೆಂದುಕೊಳ್ಳುವಂತಿಲ್ಲ. ಕೊನೆಯ ಇ ಬದಲು ಎ ಹಾಕಿ ಬರೆಯುವ ಮನೆತನಗಳೂ ಇವೆ. 1692ರಲ್ಲಿ ಅಮೆರಿಕದ ಸೇಲಂ ಮಾಟಗಾತಿ ವಿಚಾರಣೆಯಲ್ಲಿ ನ್ಯಾಯಾಧೀಶರಾಗಿದ್ದ ಸ್ಯಾಮ್ಯುಯಲ್ ಸ್ಯೂಅಲ್ ಆ ಬಗೆಯವರು.

ಪೀಳಿಗೆ ಹುಡುಕುವ ದಾರಿ ಯಾವಾಗಲೂ ಇತ್ತೀಚಿನ ಕಾಲದಿಂದ ಹಿಂದಕ್ಕೆ. ಡೂಮ್ಸ್‌ಡೇಯಿಂದ ಶುರುಮಾಡಿ ಇಳಿದು ಬರಲು ಹೊರಟವರು ನಡುವೆ ಕೈಚೆಲ್ಲುತ್ತಾರೆ, ಇಲ್ಲವೇ ಯಾರದೋ ವಂಶಕ್ಕೆ ಗಂಟು ಹಾಕಿಕೊಳ್ಳುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಿಂದ; ಜನನ ಪತ್ರದಲ್ಲಿ ತಂದೆಯ ಕಸುಬೂ ಸಿಗುತ್ತದೆ. ಅಲ್ಲಿಂದ ಜನಗಣತಿಗೆ ಹೋಗಬೇಕು. 1851ರಿಂದ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಬರೆದಿರುತ್ತಾರೆ. 1841ರದ್ದು ಮೋಸಮಾಡುತ್ತದೆ: ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಸೂಚನೆಯಿತ್ತು, ಹಾಗಾಗಿ 39 ವರ್ಷದವನು 35 ಆಗಿ ಕಾಣುತ್ತಾನೆ. ಅದಕ್ಕೂ ಹಿಂದೆ ಚರ್ಚಿನ ಪ್ಯಾರಿಷ್ ಪುಸ್ತಕಗಳು, 1538ರಿಂದ. ಹೆಚ್ಚಿನ ಚರ್ಚುಗಳಲ್ಲಿ ಮೊದಲ ದಶಕಗಳ ಹಾಳೆ ಉಳಿದಿಲ್ಲ. 1642ರಿಂದ 1660ರ ನಡುವೆ ಅಂತರ್ಯುದ್ಧದ ಗದ್ದಲದಲ್ಲಿ ಬರೆದದ್ದೇ ಕಡಿಮೆ. ಇನ್ನೂ ಹಿಂದಕ್ಕೆ 1377, 1379, 1381ರ ತಲೆಗಂದಾಯದ ಪಟ್ಟಿಗಳು ಸಿಗುತ್ತವೆ.

ಎಲ್ಲರೂ ಎಡವುವ ಜಾಗ ಒಂದಿದೆ. 1752ಕ್ಕೆ ಮೊದಲು ಇಂಗ್ಲೆಂಡಿನ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1699ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1700. ಇದನ್ನು ಮರೆತರೆ ತಂದೆ ತಾಯಿಯ ಮದುವೆಗಿಂತ ಮೊದಲೇ ಮಗು ಹುಟ್ಟಿದಂತೆ ಕಾಣುತ್ತದೆ, ಹುಡುಕುವವರು ಆ ದಂಪತಿಯನ್ನೇ ಬಿಟ್ಟುಬಿಡುತ್ತಾರೆ.

ಇಲ್ಲಿ ಬದುಕಿ ಸತ್ತ ಬ್ರಿಟಿಷರ ವಿಷಯಕ್ಕೆ ಬಂದರೆ, ಮದ್ರಾಸ್ ಪ್ರಾಂತದ ದೀಕ್ಷಾಸ್ನಾನ, ಮದುವೆ, ಹೂಳಿದ ವಿವರಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸಾಲಿನಲ್ಲಿವೆ. ಗೋರಿ ಕಲ್ಲುಗಳ ಬರಹಕ್ಕೆ ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲಿ ಪ್ರಕಟಿಸಿದ ಪಟ್ಟಿ ನೆರವಾಗುತ್ತದೆ. ಹತ್ತಿ ಬೆಳೆಯುವ ಸೀಮೆಯ ನಾವು ‘ಕಾಟನ್’ ಅಂದೊಡನೆ ಹತ್ತಿ ವ್ಯಾಪಾರದ ಮನೆತನ ಅಂದುಕೊಳ್ಳುವುದು ಸಹಜ. ಆದರೆ ಆ ಅಡ್ಡಹೆಸರು ‘ಗುಡಿಸಲುಗಳ ಬಳಿ’ ಎಂಬ ಹಳೆಯ ಮಾತಿನಿಂದ ಬಂದದ್ದು, ಹತ್ತಿಗೂ ಅದಕ್ಕೂ ನಂಟಿಲ್ಲ.

ಬಳ್ಳಾರಿ ಸೀಮೆಯ ಚರಿತ್ರೆಯಲ್ಲಿ ಬರುವ ಇನ್ನು ಕೆಲವು ಹೆಸರುಗಳು ಇಷ್ಟು ತೊಡಕಿನವಲ್ಲ. 1872ರಲ್ಲಿ ಬಳ್ಳಾರಿ ಜಿಲ್ಲೆಯ ಕೈಪಿಡಿ ಬರೆದ ಜಾನ್ ಕೆಲ್ಸಾಲ್ ಅವರದು ಚೆಷೈರ್‌ನ ಒಂದೇ ಊರಿನಿಂದ ಹೊರಟ ಹೆಸರು. ಬೂದಿದಿಬ್ಬಗಳ ಬಗ್ಗೆ ಮೊದಮೊದಲು ಬರೆದ ನ್ಯೂಬೋಲ್ಡ್ ಅವರದು ‘ಹೊಸ ಕಟ್ಟಡ’. ಆ ಹೆಸರಿನ ಊರುಗಳು ಹಲವು. ಕುಪ್ಪಗಲ್ಲು ಬೆಟ್ಟದ ಬಂಡೆಚಿತ್ರಗಳನ್ನು 1892ರಲ್ಲಿ ವಿವರಿಸಿದ ಫಾಸೆಟ್ ಅವರ ಹೆಸರಿನ ಮೂಲವಾಗಿ ಹೇಳುವ ಎರಡು ಊರುಗಳಲ್ಲಿ ಒಂದಕ್ಕೆ ‘ಬಣ್ಣ ಬಣ್ಣದ ಗುಡ್ಡದ ಇಳಿಜಾರು’ ಎಂಬ ಅರ್ಥ. ಇದು ಬರಿಯ ಕಾಕತಾಳೀಯ, ಆದರೂ ಕುಪ್ಪಗಲ್ಲು ಹತ್ತಿದವರಿಗೆ ನಗು ಬಂದೀತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರದು ಪಾದದ ಮೇಲೆ ಹುಟ್ಟಿದ ಅಡ್ಡಹೆಸರು. ಕೊನೆಯ ಇ ಉಚ್ಚಾರವಿಲ್ಲದ್ದು, ಹಾಗಾಗಿ ‘ಫೂಟ್’ ಎಂದು ದೀರ್ಘ ಎಳೆಯಬೇಕಿಲ್ಲ.

ಊರಿನಿಂದ ಬಂದ ಅಡ್ಡಹೆಸರು ಎಷ್ಟು ಬಳಕೆಯಲ್ಲಿದೆ ಎಂದು ನೋಡುವಾಗ ಒಂದು ಮಾತು ನೆನಪಿರಲಿ. ಕಂಪ್ಲಿಯಲ್ಲೇ ಇರುವವರನ್ನು ಯಾರೂ ‘ಕಂಪ್ಲಿ’ ಅನ್ನುವುದಿಲ್ಲ. ಗಂಗಾವತಿಗೋ ರಾಯಚೂರಿಗೋ ಹೋಗಿ ನೆಲೆಸಿದ ಮೇಲೆ ಆ ಹೆಸರು ಹತ್ತುತ್ತದೆ. ಇಂಗ್ಲೆಂಡಿನಲ್ಲೂ ಹಾಗೆಯೇ. 1881ರ ಜನಗಣತಿಯಿಂದ ಮಾಡಿದ ನಕ್ಷೆಗಳಲ್ಲಿ ಇಂಥ ಹೆಸರು ಮೂಲ ಊರಿಗಿಂತ ಸುತ್ತಲ ಪೇಟೆಗಳಲ್ಲಿ ದಟ್ಟವಾಗಿ ಕಂಡರೆ ಬೆರಗಾಗಬೇಕಿಲ್ಲ. ಒಂದೇ ಊರಿನ ಕೆಲ್ಸಾಲ್ ಒಂದು ಮೂಲೆಯಲ್ಲಿ ಗುಂಪಾಗಿರುತ್ತದೆ; ಹಲವು ಬೇರಿನ ಸ್ಯೂಎಲ್ ಅಲ್ಲಲ್ಲಿ ಚೆದುರಿರುತ್ತದೆ.

ಅಡ್ಡಹೆಸರಿನ ‘ಲಾಂಛನ’ ಎಂದು ಚಿತ್ರ ಮಾರುವವರನ್ನು ನಂಬಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ಗಂಡು ಸಂತತಿಗೆ ಸಲ್ಲುತ್ತದೆ, ಅಡ್ಡಹೆಸರಿಗಲ್ಲ.

ಪತ್ರಿಕೆಯಲ್ಲಿ ಒಂದು ನಿಯಮ ಮಾಡಿಕೊಂಡರೆ ಓದುಗರಿಗೆ ಉಪಕಾರ. ಇಂಥ ಹೆಸರು ಮೊದಲ ಸಲ ಬಂದಾಗ ಉಚ್ಚಾರದ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನೂ ಕೊಡಿ. ಹಳೆಯ ಸಂಚಿಕೆಗಳಲ್ಲಿ ಸ್ಯೂಎಲ್ ಕುರಿತು ಹುಡುಕುವ ವಿದ್ಯಾರ್ಥಿಗೆ ಈಗ ನಾಲ್ಕು ಕಾಗುಣಿತ ಹಾಕಿ ನೋಡಿದರೂ ಎಲ್ಲ ಲೇಖನ ಸಿಗುವ ಭರವಸೆಯಿಲ್ಲ.

– ಹೆಸರುಗಳ ಅಭ್ಯಾಸಿ, ಕೌಲ್ ಬಜಾರ್, ಬಳ್ಳಾರಿ