ಕೇಳಿದವರಿಗೆ ಉತ್ತರ ಕೊಡೋದನ್ನು ನಮ್ಮ ಕ್ರೈಸ್ತ ಮಕ್ಕಳಿಗೆ ಕಲಿಸೋಣ

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿ ಕಡೆಯ ಕ್ಯಾಥೊಲಿಕ್. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಈ ಪತ್ರ ಮುಖ್ಯವಾಗಿ ನಮ್ಮವರಿಗೇ. ಆದರೆ ಉಳಿದವರೂ ಓದಲಿ ಅಂತ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಮ್ಮ ಮಕ್ಕಳಿಗೆ ಜಪ ಬರುತ್ತೆ, ಹಾಡು ಬರುತ್ತೆ, ಹತ್ತು ಆಜ್ಞೆ ಬಾಯಿಪಾಠ ಬರುತ್ತೆ. 'ಇದನ್ನೆಲ್ಲ ಯಾಕೆ ನಂಬ್ತೀಯ?' ಅಂತ ಯಾರಾದರೂ ಕೇಳಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತೆ. ಊರಲ್ಲಿ ಇರುವವರೆಗೆ ಯಾರೂ ಕೇಳುವುದಿಲ್ಲ. ಪಿಯುಸಿಗೋ ಡಿಗ್ರಿಗೋ ಶಿವಮೊಗ್ಗದ ಹಾಸ್ಟೆಲ್ ಸೇರಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಕೇಳುವವರು ಶತ್ರುಗಳೇನಲ್ಲ, ಜೊತೆಗೆ ಊಟ ಮಾಡುವ ಗೆಳೆಯರು.

ನಮ್ಮೂರಿನ ಒಬ್ಬ ಹುಡುಗ ಬಿ.ಕಾಂ. ಓದುತ್ತಿದ್ದಾನೆ. ರಜೆಗೆ ಬಂದಾಗ ಮೊಬೈಲ್ ತೆಗೆದು ಒಂದು ಫಾರ್ವರ್ಡ್ ತೋರಿಸಿದ. ಯೇಸು ಶಿಲುಬೆ ಮೇಲೆ ಸಾಯಲೇ ಇಲ್ಲ, ಹುಡುಗನಾಗಿದ್ದಾಗಲೇ ಭಾರತಕ್ಕೆ ಬಂದು ಕಲಿತವರು, ಆಮೇಲೆ ಕಾಶ್ಮೀರಕ್ಕೆ ಬಂದು ವಯಸ್ಸಾಗಿ ತೀರಿಕೊಂಡರು, ಶ್ರೀನಗರದಲ್ಲಿ ಗೋರಿ ಇದೆ ಅಂತ. ಕೆಳಗೆ ರೂಮಿನ ಗೆಳೆಯ 'ಇದಕ್ಕೆ ಏನಂತೀಯ ಮಾರಾಯ?' ಅಂತ ಬರೆದಿದ್ದ. ಈ ಹುಡುಗ ಉತ್ತರ ಕೊಡದೆ ಆ ಗ್ರೂಪಿನಿಂದಲೇ ಹೊರಗೆ ಬಂದುಬಿಟ್ಟಿದ್ದ. ಸಿಟ್ಟಲ್ಲ, ಹೆದರಿಕೆ. ಅದು ನಿಜವೇ ಆಗಿದ್ದರೆ ಏನು ಗತಿ ಅಂತ.

ಅವತ್ತು ಜಗಲಿಯಲ್ಲಿ ಕೂತು ಇಬ್ಬರೂ ಒಂದೊಂದಾಗಿ ನೋಡಿದೆವು. ಭಾರತಕ್ಕೆ ಬಂದರು ಅನ್ನುವ ಕಥೆಯನ್ನು ಜಗತ್ತಿಗೆ ಹರಡಿದ್ದು ನಿಕೊಲಾಯ್ ನೊಟೊವಿಚ್ ಎಂಬ ರಷ್ಯಾದವನು, 1894ರಲ್ಲಿ. ಲಡಾಖಿನ ಹೆಮಿಸ್ ಮಠದಲ್ಲಿ ಹಳೇ ಗ್ರಂಥ ನೋಡಿದೆ ಅಂದಿದ್ದ. ಮರುವರ್ಷವೇ ಆಗ್ರಾ ಕಾಲೇಜೊಂದರ ಪ್ರೊಫೆಸರ್ ಆರ್ಚಿಬಾಲ್ಡ್ ಡಗ್ಲಸ್ ಖುದ್ದು ಹೆಮಿಸ್‌ಗೆ ಹೋಗಿ ಮುಖ್ಯ ಲಾಮಾರನ್ನು ಕೇಳಿದರು. ಅಂಥ ಗ್ರಂಥ ಇಲ್ಲಿಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿದರು. ಶ್ರೀನಗರದ ಗೋರಿ ಯೇಸುವಿನದು ಅನ್ನುವ ವಾದವನ್ನು ಮುಂದಿಟ್ಟವರು ಅಹ್ಮದೀಯ ಪಂಥ ಸ್ಥಾಪಿಸಿದ ಮಿರ್ಜಾ ಗುಲಾಂ ಅಹ್ಮದ್, ಅದೂ 19ನೇ ಶತಮಾನದ ಕೊನೆಯಲ್ಲೇ. ಅವರ ಅನುಯಾಯಿಗಳು ಅದನ್ನು ಮನಸಾರೆ ನಂಬುತ್ತಾರೆ, ಅದು ಅವರ ಹಕ್ಕು. ಆದರೆ ಸುಮಾರು 1850 ವರ್ಷ ಆದಮೇಲೆ ಬಂದ ಮಾತನ್ನು ತೂಗಿ ನೋಡುವಾಗ ಹಳೇ ಸಾಕ್ಷಿಗಳನ್ನೂ ಎದುರಿಗೆ ಇಡಬೇಕು, ಅಲ್ವಾ? ರೋಮಿನ ಇತಿಹಾಸಕಾರ ಟ್ಯಾಸಿಟಸ್ ಎರಡನೇ ಶತಮಾನದ ಆರಂಭದಲ್ಲಿ ಬರೆದವನು. ಕ್ರೈಸ್ತರನ್ನು ಕಂಡರೆ ಆಗದವನು. ಚಕ್ರವರ್ತಿ ತಿಬೇರಿಯನ ಕಾಲದಲ್ಲಿ ರೋಮಿನ ಅಧಿಕಾರಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಡಿಸಿದ ಅಂತ ಅವನೇ ಬರೆದಿಟ್ಟಿದ್ದಾನೆ. ಅದಕ್ಕಿಂತ ಮೊದಲೇ, ಯೇಸು ಸತ್ತು ಇಪ್ಪತ್ತೈದು ವರ್ಷದ ಆಸುಪಾಸಿನಲ್ಲಿ, ಆ ಕಾಲದ ಧರ್ಮಪ್ರಚಾರಕ ಸಂತ ಪೌಲ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಕಾಗದ ಬರೆದ. ಸತ್ತು ಮತ್ತೆ ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿ ಕೊಟ್ಟು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂದ. ಬೇಕಿದ್ದವರು ಹೋಗಿ ಕೇಳಬಹುದಿತ್ತು.

ಹುಡುಗ ಎಲ್ಲ ಕೇಳಿಸಿಕೊಂಡು, 'ಸರ್, ಇದನ್ನ ನಮಗೆ ಚರ್ಚ್‌ನಲ್ಲಿ ಯಾಕೆ ಹೇಳಲ್ಲ?' ಅಂದ. ಆ ಪ್ರಶ್ನೆಯನ್ನೇ ಇಲ್ಲಿ ಎಲ್ಲರ ಮುಂದೆ ಇಡುತ್ತಿದ್ದೇನೆ.

ಹಿರಿಯರು ಕೆಲವರು, ನಂಬಿಕೆಗೆ ವಾದ ಯಾಕೆ, ಸುಮ್ನೆ ಪ್ರಾರ್ಥನೆ ಮಾಡಿಕೊಂಡಿದ್ದರೆ ಸಾಲದಾ ಅನ್ನುತ್ತಾರೆ. ಅವರ ಭಕ್ತಿ ದೊಡ್ಡದು, ನನಗೆ ಗೌರವವಿದೆ. ಆದರೆ ಬೈಬಲ್ ಹಾಗೆ ಹೇಳುವುದಿಲ್ಲ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆಲ್ಲ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ ಅಂತ ಸಂತ ಪೇತ್ರನ ಮೊದಲ ಪತ್ರದಲ್ಲೇ ಇದೆ. ಅದರ ಜೊತೆಗೇ, ವಿನಯದಿಂದ ಗೌರವದಿಂದ ಉತ್ತರ ಕೊಡಿ ಅಂತಲೂ ಇದೆ. ಪೌಲ ಅಥೆನ್ಸಿಗೆ ಹೋದಾಗ ಅಲ್ಲಿನವರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತಾಡಿದ. ಬೆರೋಯ ಊರಿನವರು ಪೌಲ ಹೇಳಿದ್ದು ಸರಿಯಾ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು, ಅದಕ್ಕೆ ಅವರಿಗೆ ಸಿಕ್ಕಿದ್ದು ಮೆಚ್ಚುಗೆ. ಕ್ರಿಸ್ತ ಎದ್ದುಬರದೇ ಇದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಅಂತ ಬರೆದವನೂ ಪೌಲನೇ. ಇಷ್ಟು ಧೈರ್ಯವಾಗಿ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡ ನಂಬಿಕೆಯನ್ನು ನಾವು ಪ್ರಶ್ನೆಗಳಿಂದ ಬಚ್ಚಿಡುವುದು ಯಾಕೆ?

ಇನ್ನು ಕೆಲವರಿಗೆ ಬೇರೆ ಭಯ. ಈಗಿನ ಕಾಲದಲ್ಲಿ ಬಾಯಿಬಿಟ್ಟರೆ ಮತಾಂತರ ಅಂತಾರೆ ಅಂತ. ಭಯಕ್ಕೆ ಕಾರಣ ಇದೆ, ಇಲ್ಲ ಅನ್ನಲ್ಲ. ಆದರೆ ಗೆಳೆಯ ಕೇಳಿದ್ದಕ್ಕೆ ನನ್ನ ನಂಬಿಕೆ ಏನು, ಯಾಕೆ ಅಂತ ಹೇಳುವುದು ಯಾರನ್ನೂ ಎಳೆದು ತರುವುದಲ್ಲ. ಇಷ್ಟದ ಧರ್ಮ ನಂಬುವ ಹಕ್ಕು ಕೊಡುವ ಸಂವಿಧಾನದ 25ನೇ ವಿಧಿ ಅವನಿಗೂ ನನಗೂ ಒಂದೇ. ನಾವು ಉತ್ತರವನ್ನೇ ಕೊಡದೆ ಇದ್ದಾಗ, ಇವರು ಏನೋ ಮುಚ್ಚಿಡುತ್ತಿದ್ದಾರೆ, ದುಡ್ಡಿಗೋ ಅಕ್ಕಿಗೋ ಸೇರಿದವರು ಅನ್ನುವ ಮಾತು ಜಾಸ್ತಿಯಾಗುತ್ತೆ.

ಪ್ರಶ್ನೆ ಕೇಳುವುದು ಈ ನೆಲಕ್ಕೆ ಹೊಸದೂ ಅಲ್ಲ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಅನುಭವ ಮಂಟಪಕ್ಕೆ ಬಂದ ಅಕ್ಕನನ್ನೇ ಅಲ್ಲಮ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ನಿಲ್ಲಿಸಿದ, ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು ಅಂತ ಕನ್ನಡದ ಮಕ್ಕಳೆಲ್ಲ ಓದಿದ್ದೇವೆ. ನಮ್ಮ ತೀರ್ಥಹಳ್ಳಿಯ ಕುವೆಂಪು ಜೀವನವಿಡೀ ವಿಚಾರ ಮಾಡಿ ಅಂತಲೇ ಹೇಳಿದರು. ಇಂಥ ಊರುಗಳ ನಡುವೆ ಬದುಕುವ ಕ್ರೈಸ್ತ, ನನ್ನನ್ನು ಏನೂ ಕೇಳಬೇಡಿ ಅಂದರೆ ನೆರೆಯವರು ಏನು ತಿಳಿದುಕೊಳ್ಳಬೇಕು?

ಮುಖ್ಯವಾದ ಇನ್ನೊಂದು ತೊಡಕು ಭಾಷೆ. ಮಲೆನಾಡಿನ ಕ್ರೈಸ್ತರ ಮನೆಗಳಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ರಬ್ಬರ್ ತೋಟಗಳ ಕಡೆ ಮಲಯಾಳದಲ್ಲಿ, ಭದ್ರಾವತಿಯಲ್ಲಿ ಎಷ್ಟೋ ಮನೆಗಳಲ್ಲಿ ತಮಿಳಿನಲ್ಲಿ. ಇಂಥ ವಿಷಯದ ಪುಸ್ತಕ, ವಿಡಿಯೊಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಆದರೆ ಪ್ರಶ್ನೆ ಬರುವುದು ಕನ್ನಡದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ. 'ತಂದೆ, ಮಗ, ಪವಿತ್ರಾತ್ಮ ಅಂತ ನಿಮಗೆ ಮೂರು ದೇವರಲ್ವಾ?' ಅಂತ ಸುಲಿಯುತ್ತಾ ಸುಲಿಯುತ್ತಾ ಒಬ್ಬರು ಕೇಳಿದರೆ ಅಲ್ಲೇ ಕೂತು ಸರಳವಾಗಿ ಹೇಳಲು ಬರಬೇಕು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದವರು ಮೋಗ್ಲಿಂಗ್. 1894ರಲ್ಲಿ ದೊಡ್ಡ ನಿಘಂಟು ಕೊಟ್ಟವರು ಕಿಟೆಲ್. ಇಬ್ಬರೂ ಜರ್ಮನಿಯಿಂದ ಬಂದು ಕನ್ನಡ ಕಲಿತ ಮಿಷನರಿಗಳು. ಇಲ್ಲೇ ಹುಟ್ಟಿ ಬೆಳೆದ ನಮಗೆ ನಮ್ಮ ನಂಬಿಕೆಯನ್ನು ಕನ್ನಡದಲ್ಲಿ ವಿವರಿಸಲು ಬರಲ್ಲ ಅಂದರೆ ನನಗೆ ನಿಜಕ್ಕೂ ನೋವಾಗುತ್ತೆ.

ಉತ್ತರ ಕೊಡುವುದು ಅಂದರೆ ಎಲ್ಲವನ್ನೂ ಸಮರ್ಥಿಸುವುದು ಅಂತ ಯಾರೂ ತಿಳಿಯಬಾರದು. ಗೋವಾದಲ್ಲಿ 1560ರಲ್ಲಿ ಶುರುವಾದ ಧರ್ಮವಿಚಾರಣೆಯ, ಅಂದರೆ ನಂಬಿಕೆಯ ಹೆಸರಲ್ಲಿ ಜನರನ್ನು ವಿಚಾರಿಸಿ ಶಿಕ್ಷಿಸಿದ ಇನ್‌ಕ್ವಿಸಿಷನ್ನಿನ ಬಗ್ಗೆ ಯಾರಾದರೂ ಕೇಳಿದರೆ, ಹೌದು, ನಡೆಯಿತು, ಅನ್ಯಾಯ ಆಯಿತು ಅಂತ ನೇರವಾಗಿ ಹೇಳಬೇಕು. ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅಂದಿದ್ದಕ್ಕೆ ಚರ್ಚ್ ಶಿಕ್ಷಿಸಿದ ಗೆಲಿಲಿಯೊ ವಿಷಯದಲ್ಲೂ ಅಷ್ಟೇ. ಚರ್ಚ್ ತಪ್ಪು ಮಾಡಿತ್ತು ಅಂತ 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಒಪ್ಪಿಕೊಂಡಿದ್ದಾರೆ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ ಒಬ್ಬ ಪಾದ್ರಿ ಅನ್ನುವುದನ್ನೂ ಮಕ್ಕಳಿಗೆ ಹೇಳೋಣ. ಆದರೆ ಅದನ್ನು ಹೇಳಿ ಗೆಲಿಲಿಯೊನನ್ನು ಮುಚ್ಚಿಹಾಕುವುದು ಬೇಡ.

ಉತ್ತರ ಹೇಳಬಾರದ ಹೊತ್ತೂ ಇದೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡಿದ್ದು, ಇವತ್ತಿಗೂ ಬೇಸಿಗೆ ಬಂದರೆ ನಮ್ಮ ಕಡೆ ಜನ ಹೆದರುತ್ತಾರೆ. ಅಂಥ ಜ್ವರದಲ್ಲಿ ತಾಯಿಯನ್ನು ಕಳೆದುಕೊಂಡ ಮಗ, ದೇವರಿದ್ದರೆ ಯಾಕೆ ಹೀಗೆ ಮಾಡಿದ ಅಂತ ಕೇಳಿದರೆ ತರ್ಕ ತೆಗೆಯಬಾರದು. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಮಾತಾಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಆಮೇಲೆ ಬಾಯಿಬಿಟ್ಟು ವಾದ ಶುರುಮಾಡಿದರು, ಕೊನೆಗೆ ದೇವರ ಸಿಟ್ಟಿಗೆ ಗುರಿಯಾದರು. ಮೊದಲು ಅವನ ಜೊತೆ ಕೂರಬೇಕು, ಮನೆಗೆ ಗಂಜಿ ತಲುಪಿಸಬೇಕು. ಆ ಪ್ರಶ್ನೆಯ ಬಗ್ಗೆ ಮಾತಾಡುವ ದಿನ ಅವನೇ ಹೇಳಿ ಕಳಿಸುತ್ತಾನೆ.

ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ, ಪಾಸ್ಟರ್‌ಗಳಿಗೆ ನನ್ನ ಮನವಿ ಇಷ್ಟು. ತಿಂಗಳಿಗೆ ಒಂದು ಭಾನುವಾರ ಪಾಠ ಬಿಟ್ಟು ಬರೀ ಪ್ರಶ್ನೆಗೆ ಕೊಡಿ. ಮಕ್ಕಳು ಹೆಸರಿಲ್ಲದೆ ಚೀಟಿ ಬರೆದು ಡಬ್ಬಿಗೆ ಹಾಕಲಿ, ಏನು ಬೇಕಾದರೂ ಕೇಳಲಿ, ಬೈಯ್ಯಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಓದಿಕೊಂಡು ಬಂದು ಮುಂದಿನ ತಿಂಗಳು ಹೇಳಿ. ಚರ್ಚ್‌ಗೆ ಬರುವ ಮೇಷ್ಟ್ರು, ಡಾಕ್ಟರ್, ವಕೀಲರನ್ನೂ ಕೂರಿಸಿಕೊಳ್ಳಿ. ಎಲ್ಲವೂ ಕನ್ನಡದಲ್ಲೇ ನಡೆಯಲಿ, ಪಕ್ಕದ ಮನೆಯವರು ಬಂದರೂ ಅರ್ಥವಾಗುವ ಹಾಗೆ. ನಮ್ಮಲ್ಲಿ ಬರುವ ಜೂನ್‌ನಿಂದ ಶುರುಮಾಡುತ್ತಿದ್ದೇವೆ. ಬೇರೆ ಊರಿನಲ್ಲಿ ಯಾರಾದರೂ ಈಗಾಗಲೇ ಮಾಡುತ್ತಿದ್ದರೆ, ಹೇಗೆ ನಡೆಸುತ್ತಿದ್ದೀರಿ, ಮಕ್ಕಳು ಏನೇನು ಕೇಳುತ್ತಾರೆ ಅಂತ ಇದೇ ಅಂಕಣಕ್ಕೆ ಬರೆದು ತಿಳಿಸಿ.

ಇತಿ,
ಒಬ್ಬ ಧರ್ಮೋಪದೇಶ ಶಿಕ್ಷಕ, ತೀರ್ಥಹಳ್ಳಿ