ಟೀ ಶರ್ಟ್ ಬರಹಕ್ಕೆ ಕೆನ್ನೆಗೆ ಏಟಾ?

ಮಾನ್ಯರೇ,

ಟೀ ಶರ್ಟ್ ಮೇಲೆ ಎಷ್ಟೇ ಅಸಹ್ಯವಾಗಿ ಬರ್ದಿರ್ಲಿ, ಹಾಕ್ಕೊಂಡೋನ ಮೇಲೆ ಕೈ ಮಾಡೋದು ಸರಿಯಲ್ಲ. ಮೊನ್ನೆ ಮೆಜೆಸ್ಟಿಕ್‌ನಲ್ಲಿ ಒಬ್ಬ ಹುಡುಗನ ಕಾಲರ್ ಹಿಡ್ದು ಕೆನ್ನೆಗೆ ಬಾರಿಸಿದ್ರು, ಫುಟ್‌ಪಾತಲ್ಲಿ 200 ರೂಪಾಯಿಗೆ ಸಿಕ್ತು ಅಂತ ತಗೊಂಡಿದ್ನಂತೆ, ಅದ್ರಲ್ಲಿದ್ದ ಇಂಗ್ಲಿಷ್ ಬೈಗುಳದ ಅರ್ಥ ಪಾಪ ಅವ್ನಿಗೇ ಗೊತ್ತಿರ್ಲಿಲ್ಲ. ಆ ಬರಹ ಓದಿ ನಂಗೂ ಸಿಟ್ಟು ಬಂತು, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಬೇಕಂತ್ಲೇ ಕೆಣಕಿ ಅವಮಾನ ಮಾಡಿದ್ರೆ ಕೇಳೋಕೆ ಭಾರತೀಯ ನ್ಯಾಯ ಸಂಹಿತೆಯ 352ನೇ ಸೆಕ್ಷನ್ ಇದೆ, ನಾವೇ ಹೊಡೆದ್ರೆ 115ರಲ್ಲಿ 1 ವರ್ಷದವರೆಗೂ ಜೈಲು ಆಗ್ಬಹುದು, ಕಡೆಗೆ ಸಿಕ್ಕಿಹಾಕ್ಕೊಳ್ಳೋದು ಹೊಡ್ದೋನೇ. ಸಹಿಸೋಕಾಗ್ದಿದ್ರೆ ತುರ್ತು ಸಹಾಯದ ನಂಬರ್ 112ಕ್ಕೆ ಫೋನ್ ಮಾಡ್ಲಿ, ಬಸ್ ಸ್ಟ್ಯಾಂಡ್, ಮೆಟ್ರೋ ಸ್ಟೇಷನ್‌ಗಳಲ್ಲಿ ಈ ನಂಬರನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಹಾಕಿದ್ರೆ ಒಳ್ಳೇದು.

– ಓದುಗ, ಬೆಂಗಳೂರು