ಗ್ರೀನ್ ಕಾರ್ಡ್ ಸರದಿ ಕರಗುವುದೆಂದು?

ಮಾನ್ಯ ಸಂಪಾದಕರೇ,

ಅಮೆರಿಕ ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ನೀಡುವ ಸುಮಾರು 1,40,000 ಗ್ರೀನ್ ಕಾರ್ಡ್‌ಗಳಲ್ಲಿ (ಕಾಯಂ ವಾಸದ ಪರವಾನಗಿಗಳಲ್ಲಿ) ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ ಇರುವುದರಿಂದ, ಭಾರತೀಯ ಅರ್ಜಿದಾರರ ಸರದಿ ದಶಕಗಳಷ್ಟು ಬೆಳೆದಿದೆ. ಈ ಮಿತಿ ತೆಗೆಯುವ ಮಸೂದೆ 2019ರಲ್ಲಿ ಅಲ್ಲಿನ ಕೆಳಮನೆಯಲ್ಲಿ 365–65 ಮತಗಳಿಂದ ಅಂಗೀಕಾರವಾಯಿತು. ಮರುವರ್ಷ ಮೇಲ್ಮನೆ ಸೆನೆಟ್ ಅದನ್ನು ಬೇರೆ ರೂಪದಲ್ಲಿ ಒಪ್ಪಿತಾದರೂ ಎರಡು ರೂಪಗಳಿಗೂ ತಾಳೆಯಾಗದೆ ಮಸೂದೆ ಬಿದ್ದುಹೋಯಿತು. ಒಟ್ಟು ಸಂಖ್ಯೆ ಹೆಚ್ಚಿಸದೆ ಮಿತಿಯನ್ನಷ್ಟೇ ತೆಗೆದರೆ ಸರದಿ ಕರಗದು ಎಂಬುದನ್ನು, ಮಲ್ಲೇಶ್ವರದಲ್ಲಿ ಕುಳಿತು ಸುದ್ದಿ ಓದಿ ಹಿಗ್ಗುವ ನನ್ನಂಥ ಹಿರಿಯರು ಮರೆಯುತ್ತೇವೆ. ನಾಲ್ಕನೇ ವಯಸ್ಸಿನಲ್ಲಿ ಅಲ್ಲಿಗೆ ಹೋದ ನನ್ನ ಮೊಮ್ಮಗಳಿಗೆ ಸದ್ಯದಲ್ಲೇ 21 ತುಂಬಲಿದ್ದು, ಅಪ್ಪನ ಅವಲಂಬಿತೆ ಎಂಬ ನೆಲೆ ತಪ್ಪುವ ಮುನ್ನ ಆಕೆ ಈಗ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ತುಂಬುತ್ತಿದ್ದಾಳೆ.

— ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು